ಮೂರು ಜನದ ಟೆಂಟು

ನಗಬಾರದ ಹೊತ್ತಲ್ಲೇ ನಗು ಬರುವಂಥದ್ದು ನಡೆಯೋದು ನಮ್ಮ ಮನೆಗೆ ಅಂಟಿಕೊಂಡಿರೋ ಕಾಯಿಲೆ. ತಾತನ ಹೆಣ ಎತ್ತುವಾಗ ಹೆಗಲು ಕೊಟ್ಟಿದ್ದ ನನ್ನ ಪ್ಯಾಂಟು ಜಾರಿತು, ಪ್ಯಾಂಟನ್ನೂ ಬಿಡಂಗಿಲ್ಲ, ತಾತನನ್ನೂ ಬಿಡಂಗಿಲ್ಲ. ನಾನು ಹತ್ತನೇ ಕ್ಲಾಸು ಫೇಲಾದ ದಿನ ಪಕ್ಕದ ಮನೆಯವರು ಮಗಳು ಪಾಸಾದಳೆಂದು ಮೈಸೂರು ಪಾಕು ತಂದುಕೊಟ್ಟರು. ಅಪ್ಪ ವಿಷಯ ಗೊತ್ತಿಲ್ಲದೆ ಮೊದಲ ತುಂಡು ನನ್ನ ಬಾಯಿಗೇ ಇಟ್ಟ. ಆದರೆ ಈ ಬೇಸಿಗೆಯಲ್ಲಿ ನಡೆದದ್ದರ ಮುಂದೆ ಅವೆಲ್ಲ ಏನೂ ಅಲ್ಲ.

ಅಕ್ಕ ಮೊದಲ ಹೆರಿಗೆಗೆ ಅಂತ ಕನಕಪುರದ ಗಂಡನ ಮನೆಯಿಂದ ಚನ್ನಪಟ್ಟಣಕ್ಕೆ, ನಮ್ಮ ಮನೆಗೆ ಬಂದಿದ್ದಳು. ಶಿವರಾತ್ರಿ ಕಳೆದ ವಾರ ಗಂಡುಮಗು ಆಯಿತು. ಒಂದು ದಿನ ಇತ್ತು. ಮಾರನೇ ದಿನ ಇರಲಿಲ್ಲ. ಅಷ್ಟೇ, ಅದರ ಬಗ್ಗೆ ಹೇಳೋಕೆ ಬೇರೇನೂ ಇಲ್ಲ.

ನಮ್ಮ ಕಡೆ ಬಾಣಂತಿ ಐದನೇ ತಿಂಗಳಲ್ಲಿ ಮಗು ಎತ್ತಿಕೊಂಡು, ಹಿಂದೆ ತೊಟ್ಟಿಲು ಹೊರಿಸಿಕೊಂಡು ಗಂಡನ ಮನೆಗೆ ಹೋಗಬೇಕು. ಅಕ್ಕ ಒಂದೇ ಮಾತು ಹೇಳಿದಳು, "ಬರಿಗೈಲಿ ಹೋಗಲ್ಲ." ಆಮೇಲೆ ಬಾಯಿ ಮುಚ್ಚಿಕೊಂಡಳು. ಹೂಂ, ಉಹೂಂ ಬಿಟ್ಟರೆ ಬೇರೆ ಮಾತಿಲ್ಲ. ಭಾವನ ಅಮ್ಮ, ನಾನು ಅತ್ತೆ ಅಂತೀನಿ, ಫೋನಲ್ಲಿ ಹೇಳಿದರು, ಆಷಾಢ ಹುಟ್ಟೋದರೊಳಗೆ ಸೊಸೆ ಬರಬೇಕು, ಆಷಾಢದಲ್ಲಿ ಕರಕೊಂಡು ಬರಂಗಿಲ್ಲ, ಅದಾದ ಮೇಲೆ ಬಂದರೂ ಬಿಟ್ಟರೂ ಒಂದೇ. ನಮ್ಮ ಅಮ್ಮ ಆ ಫೋನು ಇಟ್ಟು ಅಡಿಗೆ ಮನೆಗೆ ಹೋಗಿ ಅರ್ಧ ಗಂಟೆ ಪಾತ್ರೆ ತೊಳೆದಳು. ತೊಳೆದಿದ್ದ ಪಾತ್ರೆಗಳನ್ನೇ.

ಭಾವನದು ಬಿಡದಿಯ ಕಾರು ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸ. ಅಕ್ಕನಿಗೆ ಏಳು ತಿಂಗಳಾಗಿದ್ದಾಗ ಒಂದು ಟೆಂಟು ತರಿಸಿದ್ದರು. ಬೇಸಿಗೆಗೆ ಮೂರೂ ಜನ ಬೆಟ್ಟದಲ್ಲಿ ಮಲಗೋಣ, ಮಗುಗೆ ನಕ್ಷತ್ರ ತೋರಿಸೋಣ ಅಂತ. ಅದರ ಚೀಲದ ಮೇಲೆ ಮೂರು ತಲೆಗಳ ಚಿತ್ರ ಇತ್ತು, ಎರಡು ದೊಡ್ಡದು, ಒಂದು ಚಿಕ್ಕದು. ಈಗ ಪ್ರತಿ ಭಾನುವಾರ ಅದನ್ನು ಬೈಕಿಗೆ ಕಟ್ಟಿಕೊಂಡು ಬರೋಕೆ ಶುರು ಮಾಡಿದರು. ಸುತ್ತಾಡಿಸಿದರೆ ಅವಳ ಮನಸ್ಸು ತಿರುಗಬಹುದು ಅನ್ನೋ ಆಸೆ. ಹಸಿ ಬಾಣಂತಿಯನ್ನು ಗಂಡನ ಜೊತೆ ಒಬ್ಬಳೇ ಕಳಿಸಬಾರದು ಅಂತ ಅಮ್ಮ ನನ್ನನ್ನು ಜೊತೆಗೆ ಕಟ್ಟಿದಳು.

"ಊರಿನವರನ್ನೆಲ್ಲ ನಗಿಸ್ತೀಯಲ್ಲ, ನಿಮ್ಮಕ್ಕನ ಬಾಯಿಂದ ಒಂದು ಮಾತು ಹೊರಡಿಸು ನೋಡಾನ" ಅಂದಳು.

ಹಂಗಾಗಿ ಮೂರನೇ ತಲೆ ನಾನಾದೆ.

೧. ಮಗು ಎಲ್ಲಿ

ಬೈಕಲ್ಲಿ ಮೂರು ಜನ. ಮುಂದೆ ಭಾವ, ನಡುವೆ ಅಕ್ಕ, ಹಿಂದೆ ಟೆಂಟು ತಬ್ಬಿಕೊಂಡು ನಾನು. ಅಕ್ಕನಿಗೆ ಅಮ್ಮ ಕಿವಿಗೆ ಹತ್ತಿ ಗಿಡಿದು, ತಲೆಗೆ ಉಲ್ಲನ್ ಸ್ಕಾರ್ಫ್ ಬಿಗಿದು, ಅದರ ಮೇಲೆ ಸೆರಗು ಹೊದೆಸಿ ಕಳಿಸಿದ್ದಳು. ಮಗು ಇಲ್ಲದಿದ್ದರೇನು, ಬಾಣಂತಿ ಬಾಣಂತಿಯೇ, ಶೀತ ಆದರೆ ಜನ್ಮಪೂರ್ತಿ ತಲೆನೋವು ಅಂತ ಅಮ್ಮನ ವಾದ. ಆ ತಲೆಗೆ ಹೆಲ್ಮೆಟ್ ಇಳಿಯಲಿಲ್ಲ. ಭಾವ ಒತ್ತಿ ನೋಡಿದರು, ನಾನೂ ಒತ್ತಿ ನೋಡಿದೆ. ಕೊನೆಗೆ ಹೆಲ್ಮೆಟ್ಟನ್ನು ಅಕ್ಕ ಮಡಿಲಲ್ಲಿ ಇಟ್ಟುಕೊಂಡಳು.

ರಾಮನಗರದ ಸರ್ಕಲ್ಲಿನಲ್ಲಿ ಪೊಲೀಸಪ್ಪ ಕೈ ಅಡ್ಡ ಹಾಕಿದ. ವಯಸ್ಸಾದವನು, ಹೊಟ್ಟೆಯವನು. ಮೂರು ಜನ, ಇಬ್ಬರ ತಲೆಗೆ ಹೆಲ್ಮೆಟ್ ಇಲ್ಲ, ಹಿಂದೆ ಹೆಣದಂಥ ಒಂದು ಮೂಟೆ. ಬುಕ್ಕು ತೆಗೆಯೋಕೆ ಹೋದವನು ಅಕ್ಕನ ಸ್ಕಾರ್ಫ್ ನೋಡಿದ, ಕಿವಿಯ ಹತ್ತಿ ನೋಡಿದ. ಅವನಿಗೂ ಹೆಣ್ಣುಮಕ್ಕಳಿರಬೇಕು, ಮುಖ ಮೆತ್ತಗಾಯಿತು.

"ಬಾಣಂತಿನ ಹಿಂಗಾ ಕರ್ಕೊಂಡು ಬರೋದು? ಬುದ್ಧಿ ಬ್ಯಾಡ್ವೇನಪ್ಪಾ. ಮಗು ಎಲ್ಲಿ?"

ಭಾವನ ಬೆನ್ನು ಗಟ್ಟಿಯಾಯಿತು. ಅಕ್ಕ ರಸ್ತೆ ಆಚೆ ನೋಡಿದಳು. ಮಡಿಲಲ್ಲಿದ್ದ ಹೆಲ್ಮೆಟ್ಟನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. ಹಿಂದೆ ಬಸ್ಸಿನವನು ಹಾರನ್ ಹೊಡೀತಾ ಇದ್ದ. ಆ ಮನುಷ್ಯ ಉತ್ತರಕ್ಕೆ ಕಾಯ್ತಾ ನಿಂತೇ ಇದ್ದ. ಇಂಥ ಹೊತ್ತಲ್ಲಿ ನನ್ನ ಬಾಯಿ ತಾನಾಗೇ ಬಿಚ್ಚಿಕೊಳ್ಳುತ್ತೆ, ಟೆಂಟಿನ ಮೇಲಿಂದ ತಲೆ ಎತ್ತಿದೆ.

"ನಾನೇ ಸಾ. ಒಸಿ ಜಾಸ್ತಿ ಬೆಳೆದ್ಬುಟ್ಟಿದೀನಿ."

ಪೊಲೀಸಪ್ಪ ಹೊಟ್ಟೆ ಕುಣಿಸಿ ನಕ್ಕ. ಬುಕ್ಕು ಜೇಬಿಗೆ ಹಾಕಿ, ಮಗುಗೆ ಟೋಪಿ ಹಾಕ್ರಪ್ಪಾ ಅಂತ ನನ್ನ ತಲೆ ತಟ್ಟಿ ಕಳಿಸಿದ. ಮುಂದೆ ಹೋಗ್ತಾ ಭಾವನ ಭುಜ ಅಲ್ಲಾಡ್ತಾ ಇತ್ತು. ನಗ್ತಾ ಇದ್ದಾರೆ ಅಂದುಕೊಂಡೆ. ಬೈಕು ನಿಲ್ಲಿಸಿ ಕಣ್ಣಿಗೆ ಧೂಳು ಬಿತ್ತು ಅಂದರು. ಅವರ ಹೆಲ್ಮೆಟ್ಟಿನ ಗಾಜು ಮುಚ್ಚಿಯೇ ಇತ್ತು.

೨. ದೇವರಿಲ್ಲದ ಬೆಟ್ಟ

ಅತ್ತೆಯದು ಇನ್ನೊಂದು ಕಟ್ಟಳೆ. ಮನೆಯಲ್ಲಿ ಸಾವಾಗಿದೆ, ವರ್ಷ ತುಂಬೋವರೆಗೆ ಅಕ್ಕ ಭಾವ ದೇವರಿರೋ ಬೆಟ್ಟ ಹತ್ತಬಾರದು. ರಾಮನಗರದಲ್ಲಿ ನಿಂತುಕೊಂಡು ದೇವರಿಲ್ಲದ ಬೆಟ್ಟ ಹುಡುಕೋದು ಅಂದರೆ ಸಂತೆಯಲ್ಲಿ ನಿಂತು ಮಾತಾಡದೋರನ್ನ ಹುಡುಕಿದಂಗೆ. ರಾಮದೇವರ ಬೆಟ್ಟ, ಹೆಸರಲ್ಲೇ ಇದ್ದಾನೆ. ರೇವಣಸಿದ್ದೇಶ್ವರ ಬೆಟ್ಟ, ಅದೂ ಹಂಗೇ. ಮಾಗಡಿ ಕಡೆ ಸಾವನದುರ್ಗಕ್ಕೆ ಹೋದೆವು. ಅಲ್ಲಿ ದೇವರು ಬುಡದಲ್ಲಿದ್ದಾನೆ, ನಾವು ಮೇಲೆ ಹೋಗ್ತೀವಿ, ಮುಖಕ್ಕೆ ಮುಖ ಆಗಲ್ಲ ಅಂತ ನಾನು ಲಾಯರ್ ಥರ ವಾದ ಮಾಡಿದೆ. ಭಾವ ಅತ್ತೆಗೆ ಫೋನ್ ಮಾಡಿ ಕೇಳಿದರು. ದೇವರ ತಲೆ ಮೇಲೆ ಕಾಲಿಡ್ತೀಯೇನ್ಲಾ ಅಂತ ಬಂದ ಬೈಗುಳ ನನಗೂ ಕೇಳಿಸಿತು. ಅಲ್ಲೇ ಒಂದೊಂದು ಎಳನೀರು ಕುಡಿದು ವಾಪಸ್ ತಿರುಗಿದೆವು.

ದಾರಿಯಲ್ಲಿ ಕುರಿ ಮೇಯಿಸುವವನೊಬ್ಬ ಸಿಕ್ಕ. ಅಣ್ಣಾ, ಈ ಕಡೆ ದೇವರಿಲ್ಲದ ಬೆಟ್ಟ ಯಾವುದು ಅಂತ ಕೇಳಿದೆ. ಅವನು ನಮ್ಮನ್ನು ಮೇಲಿಂದ ಕೆಳಗೆ ನೋಡಿದ. ನಿಧಿ ಅಗೆಯೋರೋ, ಬಂಡೆ ಒಡೆಯೋರೋ ಅಂತ ಅನುಮಾನ ಬಂದಿರಬೇಕು. ವಿಷಯ ಹೇಳಿದ ಮೇಲೆ ಕೋಲಲ್ಲಿ ಒಂದು ಬೋಳು ಗುಡ್ಡ ತೋರಿಸಿದ. ಅದ್ರಾಗೆ ಯಾರೂ ಇಲ್ಲ ಹೋಗಿ, ಅಂದ. ತಾನೂ ಕುರಿ ಹೊಡೆದುಕೊಂಡು ಹಿಂದೆ ಬಂದ.

ಬಂಡೆ ಕಾದ ಹೆಂಚಾಗಿತ್ತು. ಅಕ್ಕ ಸ್ಕಾರ್ಫ್ ಬಿಚ್ಚಲಿಲ್ಲ, ಬೆವರು ಕುತ್ತಿಗೆಗೆ ಇಳೀತಾ ಇತ್ತು, ಒಂದು ಕಡೆನೂ ಕೂರಲಿಲ್ಲ. ಅಷ್ಟು ಕಷ್ಟಪಟ್ಟು ತುದಿ ಮುಟ್ಟಿದರೆ ಅಲ್ಲಿ ಮೂರು ಕಲ್ಲು ನಿಲ್ಲಿಸಿದ್ದಾರೆ. ಸುಣ್ಣ ಬಳಿದು, ಅರಿಶಿನ ಕುಂಕುಮ ಇಟ್ಟು, ಮುಂದೆ ಹೋಳು ಮಾಡಿದ ನಿಂಬೆಹಣ್ಣು.

ಯಾರೂ ಇಲ್ಲ ಅಂದೆಯಲ್ಲ ಅಂತ ಭಾವ ಅವನ ಮೇಲೆ ರೇಗಿದರು. ಅವನು ತಲೆ ಕೆರೆದುಕೊಂಡ.

"ಹೋದ ತಿಂಗಳಗಂಟ ಇರ್ಲಿಲ್ಲ ಸಾಮಿ. ಕುರಿಗೆ ರೋಗ ಬಂತು, ನಾನೇ ಇಕ್ಕಿದ್ದು. ಇಕ್ಕಿದ್ದೇ ಮರ್ತೋಗಿತ್ತು."

ಆಗ ಅಕ್ಕ ಬಾಯಿ ಬಿಟ್ಟಳು. "ಕುರಿ ಉಳುದ್ವಾ?"

"ದೊಡ್ಡವು ಉಳ್ಕಂಡವು ಕಣವ್ವಾ. ಮರಿ ಹೋದವು."

ಅಕ್ಕ ಆ ಮೂರು ಕಲ್ಲಿಗೆ ಬೆನ್ನು ಹಾಕಿ ಕೂತುಕೊಂಡಳು. ದೇವರ ಮುಂದೆ ಹಂಗೆ ಕೂರಬಾರದು ಅಂತ ಯಾರೂ ಹೇಳಲಿಲ್ಲ, ಕುರಿಯವನೂ ಸೇರಿ. ಇಳಿಯುವಾಗ ಭಾವ ನನ್ನನ್ನು ಪಕ್ಕಕ್ಕೆ ಕರೆದು, ನಮ್ಮಮ್ಮನಿಗೆ ಇದನ್ನ ಹೇಳಬೇಡ ಅಂದರು. ಏನಂತ ಹೇಳಲಿ, ನಾವು ಹೋದ ಕಡೆಗೆಲ್ಲ ದೇವರೇ ಮೊದಲು ಬಂದು ಕೂತಿರ್ತಾನೆ ಅಂತಲಾ?

೩. ಕಿವಿಯ ಹತ್ತಿ

ಮುಂದಿನ ಭಾನುವಾರ ಕಣ್ವ ಕೆರೆ ಏರಿ ಮೇಲೆ. ಭಾವ ನನಗೆ ಐವತ್ತು ರೂಪಾಯಿ ಕೊಟ್ಟು ಕಡ್ಲೆಕಾಯಿ ತಗೊಂಡು ಬಾ, ಬೇಗ ಬರಬೇಡ ಅಂದರು. ನಾನು ಹೋದಂಗೆ ಮಾಡಿ ಹಿಂದಿನ ಮರದ ಮರೆಗೆ ಕೂತೆ. ಅದು ತಪ್ಪು, ಗೊತ್ತು. ಆದರೆ ಜನರ ಮಾತು ಕದ್ದು ಕೇಳದೆ ಅವರ ಗೇಲಿ ಮಾಡೋದು ಹೆಂಗೆ?

ಭಾವ ಹೇಳಿದ್ದು ನಗೋ ಮಾತಾಗಿರಲಿಲ್ಲ. ಮಗು ಹುಟ್ಟಿದವತ್ತು ಎರಡು ಶಿಫ್ಟು ಒಟ್ಟಿಗೆ ಮಾಡಿದ್ದರಂತೆ. ಲೈನಿಗೆ ಫೋನ್ ತಗೊಂಡು ಹೋಗಂಗಿಲ್ಲ, ಲಾಕರಲ್ಲಿ ಇಡಬೇಕು. ಆಚೆ ಬಂದು ನೋಡಿದರೆ ನಮ್ಮಪ್ಪನ ಹದಿನೇಳು ಫೋನು. ಮೊದಲನೆಯದು ಗಂಡುಮಗು ಅಂತ ಹೇಳೋಕೆ. ಕೊನೆಯದು ಬೇರೆ. ಎರಡು ಸುದ್ದಿನೂ ಒಟ್ಟಿಗೆ ಕೇಳಿಸಿಕೊಂಡೆ, ಬರೋ ಹೊತ್ತಿಗೆ ಬಟ್ಟೆ ಸುತ್ತಿದ್ರು, ನಾನು ಅವನನ್ನ ಬೆಚ್ಚಗಿದ್ದಾಗ ಎತ್ಕೊಳ್ಳಲೇ ಇಲ್ಲ ಅಂದರು. ನೀನು ಬರಿಗೈ ಅಂತೀಯ, ನನ್ನ ಕೈ ನೋಡು ಅಂದರು. ನೀರಿಗೆ ಮುಖ ಮಾಡಿಕೊಂಡು ಎಷ್ಟೋ ಹೊತ್ತು ಮಾತಾಡಿದರು. ಅಕ್ಕ ಅಲ್ಲಾಡಲಿಲ್ಲ.

ಮಾತು ಮುಗಿದ ಮೇಲೆ ಅಕ್ಕ ಸ್ಕಾರ್ಫಿನ ಒಳಕ್ಕೆ ಬೆರಳು ಹಾಕಿ ಹತ್ತಿ ಹೊರಗೆ ತೆಗೆದಳು.

"ಏನಾದ್ರೂ ಅಂದ್ರಾ?"

ಭಾವ ಆ ಹತ್ತಿ ಉಂಡೆ ನೋಡಿದರು. ಕೆರೆ ನೋಡಿದರು. "ಏನಿಲ್ಲ. ಬಿಸ್ಲು ಜಾಸ್ತಿ ಅಂದೆ."

ನಾನು ಮರದ ಹಿಂದೆ ಅಂಗಿ ಕಚ್ಚಿಕೊಂಡೆ. ನಗೋಕಾ ಅಳೋಕಾ ಅಂತ ಕೇಳಬೇಡಿ.

ಸಂಜೆ ಮನೆಯಲ್ಲಿ ತಡೆಯೋಕಾಗದೆ ಅಕ್ಕನನ್ನು ಛೇಡಿಸಿದೆ. ಪಾಪ, ಅಷ್ಟು ಹೇಳಿದ್ರು, ನೀನು ಹತ್ತಿ ಗಿಡ್ಕೊಂಡು ಕೂತಿದ್ದೆ, ಒಂದಕ್ಷರನೂ ಕೇಳಿಸ್ಲಿಲ್ಲ ಅಲ್ವಾ ಅಂತ. ಅಕ್ಕ ಗೋಡೆ ಕಡೆ ತಿರುಗಿ ಮಲಗಿದ್ದಳು. ತಿರುಗದೇ ಹೇಳಿದಳು.

"ಹತ್ತಿ ಕಣ್ಲಾ ಅದು. ಸಿಮೆಂಟಲ್ಲ."

೪. ಬಾಣಂತಿ ಊಟ

ಇದು ಚಿಕ್ಕದು. ಅಮ್ಮ ಅಕ್ಕನಿಗೆ ಅಂತ ಪ್ರತಿ ಭಾನುವಾರ ಡಬ್ಬಿ ಕಟ್ಟುತ್ತಿದ್ದಳು. ಬೆಳ್ಳುಳ್ಳಿ ಮೆಣಸಿನ ಖಾರ, ತುಪ್ಪ ಸುರಿದ ಅನ್ನ, ಒಣಕೊಬ್ಬರಿ ಅಂಟಿನುಂಡೆ. ಅಕ್ಕನಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಖಾಲಿ ಆಗದಿದ್ದರೆ ಅಮ್ಮ ಅಳುತ್ತಾಳೆ ಅಂತ ಭಾವನ ಕಡೆ ನೂಕುತ್ತಿದ್ದಳು. ಭಾವ ತುಟಿ ಪಿಟಕ್ಕನ್ನದೆ ತಿಂದರು, ವಾರವಿಡೀ ಮನೆಯಲ್ಲಿ ಅವಳು ತಿನ್ನದೆ ಬಚ್ಚಿಟ್ಟಿದ್ದನ್ನೂ ಕಟ್ಟಿಕೊಂಡು ಹೋಗಿ ತಿಂದರು. ಖಾಲಿ ಡಬ್ಬಿ ನೋಡಿ ಮಗಳು ಉಂಡಳು ಅಂತ ಅಮ್ಮ ಮುಂದಿನ ವಾರ ಇನ್ನೊಂದು ಹಿಡಿ ಜಾಸ್ತಿ ಹಾಕಿದಳು.

ಎರಡು ತಿಂಗಳಾಯಿತು. ಅಕ್ಕನ ಬಳೆ ಮೊಣಕೈವರೆಗೆ ಸರಿಯೋ ಹಂಗಾಯಿತು. ಭಾವನ ಕೆನ್ನೆ ಉಬ್ಬಿ, ಫ್ಯಾಕ್ಟರಿ ಯೂನಿಫಾರಮ್ಮಿನ ಗುಂಡಿ ಕಿತ್ತುಕೊಂಡು ಹೋಯಿತು. ಲೈನಲ್ಲಿ ಪಕ್ಕ ನಿಲ್ಲೋರು ಬೆಳ್ಳುಳ್ಳಿ ವಾಸನೆಗೆ ಮುಖ ತಿರುಗಿಸಿಕೊಳ್ಳೋರಂತೆ. ಒಂದು ಭಾನುವಾರ ಭಾವ ಬೈಕಿಂದ ಇಳಿಯೋದನ್ನ ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅಕ್ಕನ ಕೈ ನೋಡಿದಳು. ಎಲ್ಲ ಅರ್ಥವಾಯಿತು.

"ನನ್ನ ಮಗಳದ್ದು ಬಾಣಂತನ ಆಗ್ಲಿಲ್ಲ" ಅಂದಳು ಮೆಲ್ಲಗೆ. "ಅಳಿಯಂದಾದ್ರೂ ಚೆನ್ನಾಗಾಯ್ತು ಬುಡು."

೫. ಕರಡಿ

ಜೂನ್ ಬಂತು. ಆಷಾಢಕ್ಕೆ ಇನ್ನು ಕೆಲವೇ ದಿನ. ಭಾವ ಕಡೇ ಪ್ರಯತ್ನ ಅಂತ ಎಲ್ಲರನ್ನೂ ಕರೆದರು. ಕನಕಪುರದ ಆಚೆ ಅವರದೇ ಹೊಲ, ಹೊಲಕ್ಕೆ ಅಂಟಿಕೊಂಡ ಒಂದು ಗುಡ್ಡ, ಅಲ್ಲೊಂದು ರಾತ್ರಿ ಟೆಂಟು ಹಾಕಿ ಇರೋಣ. ಆ ಗುಡ್ಡದಲ್ಲಿ ದೇವರಿಲ್ಲ ಅಂತ ಸ್ವತಃ ಅತ್ತೆಯೇ ಸರ್ಟಿಫಿಕೇಟ್ ಕೊಟ್ಟರು, ತಾವೂ ಬಂದರು. ನಮ್ಮ ಕಡೆಯಿಂದ ಅಮ್ಮ, ಅಕ್ಕ, ನಾನು. ಅಪ್ಪನಿಗೆ ಬೊಂಬೆ ಆರ್ಡರಿತ್ತು, ಬರಲಿಲ್ಲ.

ಅಪ್ಪನ ವಿಷಯ ಒಂದು ಹೇಳಿಬಿಡಬೇಕು. ಅಪ್ಪ ಮರದ ಬೊಂಬೆ ಕಡೆಯೋನು. ಮೊಮ್ಮಗನಿಗೆ ಅಂತ ಒಂದು ಗಿಲಕಿ ಕಡೆದು, ಕೆಂಪು ಹಳದಿ ಅರಗು ಹಚ್ಚಿ ಇಟ್ಟಿದ್ದ. ಆ ದಿನ ಆದಮೇಲೆ ಯಾರ ಕಣ್ಣಿಗೂ ಬೀಳದಿರಲಿ, ಒಲೆಗೆ ಹಾಕೋಣ ಅಂತ ಹುಡುಕಿದರೆ ಸಿಗಲಿಲ್ಲ. ಮರದ ಹೊಟ್ಟಿನ ಜೊತೆ ಗುಡಿಸಿಕೊಂಡು ಹೋಯಿತೇನೋ ಅಂದುಕೊಂಡು ಸುಮ್ಮನಾದ.

ಸಂಜೆ ಟೆಂಟು ಎದ್ದಿತು. ಅತ್ತೆ ಅಕ್ಕನ ಜೊತೆ ಮಾತಾಡಲಿಲ್ಲ, ಅಕ್ಕ ಅತ್ತೆಯ ಜೊತೆ ಮಾತಾಡಲಿಲ್ಲ. ಅಮ್ಮ ಇಬ್ಬರ ನಡುವೆ ಕೂತು ಚಿತ್ರಾನ್ನ ಬಡಿಸಿದಳು. ಅಷ್ಟು ಬಿಗಿಯಾದ ಊಟ ನಾನು ತಿಥಿ ಮನೆಯಲ್ಲೂ ಮಾಡಿಲ್ಲ. ಹೆಂಗಾದರೂ ಮಾಡಿ ಅಕ್ಕ ಒಂದು ಸಲ ಕಿರುಚಲಿ ಅಂತ ನನಗೆ ಒಂದು ಐಡಿಯಾ ಬಂತು. ಹಳ್ಳದ ಹತ್ತಿರ ಹೋಗಿ ಒದ್ದೆ ಮಣ್ಣಲ್ಲಿ ಅಂಗೈ ಒತ್ತಿ, ಮುಂದೆ ಕಡ್ಡಿಯಲ್ಲಿ ಐದು ಉಗುರು ಗೀರಿದೆ. ಟೆಂಟಿನವರೆಗೂ ಅಂಥ ಎಂಟು ಹೆಜ್ಜೆ ಮಾಡಿ, ಉಂಗುರದ ಸಂದಿಯ ಮಣ್ಣೂ ಬಿಡದೆ ಕೈ ತೊಳೆದುಕೊಂಡು ಬಂದು, ಅಯ್ಯೋ ಇಲ್ಲಿ ನೋಡಿ ಅಂದೆ.

ಈ ಕಡೆ ಕರಡಿ ಇರೋದು ಸುಳ್ಳಲ್ಲ. ಭಾವ ಬಗ್ಗಿ ನೋಡಿ ಮುಖ ಸಪ್ಪೆ ಮಾಡಿದರು. ಅಮ್ಮ ನಡೀರಿ ಮನೆಗೆ ಅಂದಳು. ಅತ್ತೆ ಮಾತ್ರ ಜಗ್ಗಲಿಲ್ಲ, ಕರಡಿ ಮನುಷ್ಯರನ್ನ ತಿನ್ನಲ್ಲ, ಮುಖ ಕಿತ್ಕಂಡು ಹೋಯ್ತದೆ ಅಷ್ಟೇ, ಸದ್ದು ಮಾಡಿದ್ರೆ ಓಡ್ತದೆ ಅಂದರು. ಅಕ್ಕ ಹೆಜ್ಜೆ ನೋಡಿದಳು, ನನ್ನ ಉಗುರು ನೋಡಿದಳು ಅನ್ನಿಸಿತು, ಆಮೇಲೆ ಟೆಂಟಿನೊಳಗೆ ಹೋದಳು. ನನ್ನ ಐಡಿಯಾ ಅಲ್ಲಿಗೆ ಸತ್ತಿತು ಅಂದುಕೊಂಡೆ.

ಮೂರು ಜನದ ಟೆಂಟಲ್ಲಿ ಮೂರು ಹೆಂಗಸರು ಮಲಗಿದರು. ಭಾವ ಮತ್ತು ನಾನು ಹೊರಗೆ ಬಂಡೆ ಮೇಲೆ. ಭಾವನಿಗೆ ಹಿಂದಿನ ದಿನ ನೈಟ್ ಶಿಫ್ಟು, ನಿಂತರೆ ನಿದ್ದೆ. ಗಾಳಿ ಹೊಡೀತದೆ ಅಂತ ಅಮ್ಮ ಅಕ್ಕನ ಹತ್ತಿಯಲ್ಲೇ ಎರಡು ಉಂಡೆ ಮಾಡಿ ಅಳಿಯನ ಕಿವಿಗೂ ಗಿಡಿದಳು. ಭಾವ ಉರುಳಿದವರು ಕಲ್ಲಾದರು.

ಬೆಳಕು ಹರಿಯುತ್ತಾ ಇತ್ತು. ಮಂಜು. ನನಗೆ ಎಚ್ಚರವಾಗಿ ಕಣ್ಣು ಬಿಟ್ಟರೆ ಭಾವನ ಮೇಲೆ ಏನೋ ಕಪ್ಪಗೆ, ದಪ್ಪಗೆ, ಬಗ್ಗಿಕೊಂಡು ನಿಂತಿದೆ. ಮೂಸುತ್ತಾ ಇರೋ ಹಂಗೆ. ಹೆಜ್ಜೆ ಮಾಡಿದ್ದು ನಾನೇ, ಕರಡಿ ಬಂದಿಲ್ಲ ಅಂತ ಈ ಲೋಕದಲ್ಲಿ ಗೊತ್ತಿದ್ದವನು ನಾನೊಬ್ಬನೇ, ಆದರೂ ನಂಬಿಬಿಟ್ಟೆ. ಹೊದ್ದಿದ್ದ ತೂತು ಬೆಡ್‌ಶೀಟನ್ನು ಮುಖದ ಮೇಲೆ ಎಳೆದುಕೊಂಡೆ. ನಮ್ಮ ಮನೆಯ ಗಂಡುಮಗ ಅವತ್ತು ಮಾಡಿದ್ದು ಇಷ್ಟು.

ಟೆಂಟಿನ ಜಿಪ್ಪು ಸರ್ ಅಂತ ಸರಿಯಿತು. ಬಲೆಯ ಕಿಟಕಿಯಿಂದ ಅವಳಿಗೂ ಅದು ಕಂಡಿರಬೇಕು, ಅಕ್ಕ ಹೊರಗೆ ಬಂದಳು. ತಲೆಗೆ ಸ್ಕಾರ್ಫಿಲ್ಲ, ಕೂದಲು ಬಿಚ್ಚಿಹೋಗಿದೆ, ಬಲಗೈಯಲ್ಲಿ ಏನೋ ಎತ್ತಿ ಹಿಡಿದು ಗಲಗಲ ಗಲಗಲ ಅಲ್ಲಾಡಿಸುತ್ತಾ ನೇರ ಕರಡಿಯ ಮೇಲೇ ಹೋದಳು.

"ಬುಡು ಅವರನ್ನ! ಒಂದನ್ನ ಕಿತ್ಕಂಡು ಹೋದ್ರಿ, ಸಾಲ್ದಾ? ಇವರನ್ನೂ ಕೊಟ್ಟು ಸುಮ್ಕೆ ಕೂತ್ಕತೀನಿ ಅನ್ಕಂಡಾ?"

ಆಮೇಲೆ ಬೈಗುಳ. ನಮ್ಮ ಬೀದಿ ನಲ್ಲಿ ಹತ್ತಿರ ನೀರಿಗೆ ಜಗಳ ಆದಾಗಲೂ ನಾನು ಕೇಳದ ಬೈಗುಳ. ಕರಡಿಯ ಅಮ್ಮ, ಕರಡಿಯ ಅಜ್ಜಿ, ಕರಡಿ ಹುಟ್ಟಿದ ಗಳಿಗೆ, ಆ ಆಸ್ಪತ್ರೆ, ಆ ಲಾಕರು, ಬೆಟ್ಟದ ಮೇಲಿನ ದೇವರೆಲ್ಲ ಸಾಲಾಗಿ ಬಂದರು. ನಾಲ್ಕು ತಿಂಗಳು ಒಳಗೆ ಇಟ್ಟಿದ್ದೆಲ್ಲ ಹೊರಗೆ ಬಂತು. ಕರಡಿ ಬಂಡೆಯ ಮೇಲೆ ಕುಕ್ಕರಿಸಿ ಕೂತು ಕೇಳಿಸಿಕೊಂಡಿತು. ಅಷ್ಟು ಸಹನೆಯ ಕರಡಿ ಎಲ್ಲೂ ಇರಲ್ಲ. ಅಕ್ಕನಿಗೆ ಉಸಿರು ಕಟ್ಟಿ ನಿಂತಾಗ ಅದು ತಲೆ ಮೇಲಿನ ಕರಿ ಕಂಬಳಿ ಸರಿಸಿತು.

ಅತ್ತೆ. ಬೆಳಗ್ಗೆ ಬಯಲಿಗೆ ಹೋಗಿ ಬಂದವರು, ಮಗ ಹೊದಿಕೆ ಒದ್ದು ಮಲಗಿದ್ದನ್ನ ನೋಡಿ ಸರಿ ಮಾಡೋಕೆ ಬಗ್ಗಿದ್ದರು.

ಅಕ್ಕನ ಕೈ ಇನ್ನೂ ಅಲ್ಲಾಡುತ್ತಲೇ ಇತ್ತು, ಅದಕ್ಕೆ ಗಲಗಲ ಸದ್ದು ನಿಲ್ಲಲೇ ಇಲ್ಲ. ಟೆಂಟಿಂದ ತಲೆ ಹಾಕಿದ್ದ ಅಮ್ಮ ಅದನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ಕೆಂಪು ಹಳದಿ ಗಿಲಕಿ. ನಾಲ್ಕು ತಿಂಗಳಿಂದ ಬೆಟ್ಟ ಬೆಟ್ಟ ಸುತ್ತುವಾಗಲೂ ಅಕ್ಕ ಅದನ್ನು ಸೀರೆಯ ಒಳಗೆ ಕಟ್ಟಿಕೊಂಡೇ ಸುತ್ತಿದ್ದಳು. ಒಂದು ಸಲವೂ ಸದ್ದಾಗದ ಹಂಗೆ.

ಅತ್ತೆ ಎದ್ದು ಬಂದು ಅಕ್ಕನ ಮಣಿಕಟ್ಟು ಹಿಡಿದುಕೊಂಡರು. ಸದ್ದು ನಿಂತಿತು. ಎರಡೂ ಕಪಾಳಕ್ಕೆ ಬೀಳುತ್ತೆ ಅಂತ ನಾನು ಬೆಡ್‌ಶೀಟಿನ ತೂತಲ್ಲಿ ನೋಡ್ತಾ ಇದ್ದೆ.

"ಬರಿಗೈಲಿ ಬರಲ್ಲ ಅಂದ್ಯಂತೆ" ಅಂದರು ಅತ್ತೆ. "ಕೈಲಿರೋದೇನು ಮತ್ತೆ?"

ಅಕ್ಕ ಕೈ ನೋಡಿಕೊಂಡಳು. ಆಮೇಲೆ ಅತ್ತೆಯ ಕಂಬಳಿ ನೋಡಿದಳು. ಕರಡಿಯಂಥ ಆ ಕಂಬಳಿಯ ಮೇಲೆ ಮುಖ ಇಟ್ಟು ಅವಳು ಮಾಡಿದ ಸದ್ದು ಅರ್ಧ ಅಳು, ಅರ್ಧ ನಗು. ನನ್ನ ಪಾಲಿಗೆ ನಗು ಅಂತ ಬರೆದುಕೊಂಡಿದ್ದೀನಿ.

ಧೈರ್ಯ ಬಂದ ಮೇಲೆ ನಾನು ಎದ್ದು ಅತ್ತೆಯನ್ನು ಕೇಳಿದೆ, ಅಷ್ಟು ಬೈತಾ ಇದ್ರೆ ನಾನು ಕಣಮ್ಮ ಅಂತ ಒಂದು ಮಾತು ಅನ್ನಬಾರದಿತ್ತಾ ಅಂತ.

"ನನ್ನ ಸೊಸೆ ಶಿವರಾತ್ರಿಯಿಂದ ಈಚೆಗೆ ಇವತ್ತು ಬಾಯಿ ಬುಟ್ಟವ್ಳೆ" ಅಂದರು. "ನಾನ್ಯಾಕೆ ಅಡ್ಡ ಬರ್ಲಿ?" ಆಮೇಲೆ ನನ್ನ ಕಿವಿ ಹಿಡಿದು ಹಿಂಡಿದರು. "ಕರಡಿ ಉಂಗುರ ಹಾಕ್ಕಳಲ್ಲ ಕಣ್ಲಾ. ನಿನ್ನ ಉಂಗುರದ ಗುರುತು ಎಂಟು ಹೆಜ್ಜೆಗೂ ಬಿದ್ದೈತೆ."

ಇಷ್ಟೆಲ್ಲ ಆಗುವಾಗ ಭಾವ ಮಲಗೇ ಇದ್ದರು. ಹತ್ತಿ ಸಿಮೆಂಟಲ್ಲ ನಿಜ, ಆದರೆ ಅದರ ಹಿಂದೆ ನೈಟ್ ಶಿಫ್ಟು ಇದ್ದರೆ ಸಿಮೆಂಟಿಗಿಂತ ಗಟ್ಟಿ. ಹೆಂಡತಿ ತನಗಾಗಿ ಕರಡಿಯ ಮೇಲೆ ಹೋಗಿ ಹೇಳಿದ ಮಾತು ಅವರು ಇವತ್ತಿಗೂ ಕೇಳಿಲ್ಲ, ಅಕ್ಕ ನನಗೆ ಹೇಳಬೇಡ ಅಂದಿದ್ದಾಳೆ. ಬಿಸಿಲು ಮುಖಕ್ಕೆ ಬಿದ್ದ ಮೇಲೆ ಎದ್ದು ಕೂತರು. ಅಕ್ಕ ಆಗಲೇ ಟೆಂಟು ಬಿಚ್ಚಿ ಮಡಿಸುತ್ತಿದ್ದಳು. ಪಕ್ಕದಲ್ಲಿ ಅವರಮ್ಮ ಒಂದು ತುದಿ ಹಿಡಿದುಕೊಂಡಿದ್ದರು. ಭಾವ ಇಬ್ಬರನ್ನೂ ನೋಡಿದರು, ಕಿವಿಯ ಹತ್ತಿ ಕಿತ್ತರು, ಗಾಬರಿಯಿಂದ ಸುತ್ತ ನೋಡಿದರು.

"ಏನಾಯ್ತು? ಕರಡಿ ಬಂದಿತ್ತಾ?"

ಅತ್ತೆ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡರು.

"ಬಂದಿತ್ತು ಕಣಪ್ಪಾ. ಸೊಸೆನ ಕರ್ಕಂಡೋಗಾಕೆ."